ಆಹಾರವೋ ಪರೀಕ್ಷೆಯೋ: ಪ್ರಿಯಾನ್ ಕಾಯಿಲೆಯ ಕಡಿಮೆ ಎಣಿಕೆಯನ್ನು ಬಾಗಲಕೋಟೆಯಿಂದ ನೋಡಿದಾಗ

ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆ (ಮುಂದೆ ಸಿಜೆಡಿ) ಭಾರತದಲ್ಲಿ ತೀರಾ ಅಪರೂಪ ಎನ್ನುವುದಕ್ಕೆ ಮುಖ್ಯ ಆಧಾರ ಬೆಂಗಳೂರಿನ ನಿಮ್ಹಾನ್ಸ್‌ನ ನೋಂದಣಿ ದಾಖಲೆ. ಪಿ. ಸತೀಶ್ಚಂದ್ರ ಮತ್ತು ಎಸ್.ಕೆ. ಶಂಕರ್ 1991ರ ಲೇಖನದಲ್ಲಿ 1971ರಿಂದ 1990ರವರೆಗೆ ದೇಶದ ಬೇರೆ ಬೇರೆ ಭಾಗಗಳಿಂದ ಕಲೆಹಾಕಿದ ಪ್ರಕರಣಗಳು ಸುಮಾರು 30. ಶಂಕರ್ ಮತ್ತು ಸಂಗಡಿಗರು 2003ರಲ್ಲಿ ಈ ವಿರಳತೆಯಲ್ಲಿ ಆಹಾರ ಪದ್ಧತಿಯ ಪಾತ್ರವಿರಬಹುದೇ ಎಂಬ ಪ್ರಶ್ನೆಯನ್ನು ಲೇಖನದ ಶೀರ್ಷಿಕೆಯಲ್ಲೇ ಎತ್ತಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಈ ಸಂಖ್ಯೆ ಅಳೆಯುತ್ತಿರುವುದು ಕಾಯಿಲೆಯನ್ನೋ, ಅದನ್ನು ಗುರುತಿಸುವ ಪರೀಕ್ಷೆಯ ವ್ಯಾಪ್ತಿಯನ್ನೋ?

ಒಪ್ಪಿತವಾದ ಸಂಗತಿಗಳನ್ನು ಬೇಗ ಮುಗಿಸಬಹುದು. ಮಿದುಳಿನಲ್ಲಿ ಸಹಜವಾಗಿಯೇ ಇರುವ ಒಂದು ಪ್ರೋಟೀನ್ ತಪ್ಪಾಗಿ ಮಡಚಿಕೊಂಡು, ತನ್ನ ನೆರೆಯ ಪ್ರೋಟೀನುಗಳನ್ನೂ ಅದೇ ರೂಪಕ್ಕೆ ಎಳೆಯುವುದು ಸಿಜೆಡಿಯಂಥ ಕಾಯಿಲೆಗಳ ಮೂಲ. ಸ್ಟ್ಯಾನ್ಲಿ ಪ್ರುಸಿನರ್ 1982ರಲ್ಲಿ ಅದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟರು. 1997ರಲ್ಲಿ ನೊಬೆಲ್ ಪಡೆದರು. ಪ್ರಕರಣಗಳಲ್ಲಿ ಸುಮಾರು 85 ಪ್ರತಿಶತ ಯಾವ ಹೊರ ಕಾರಣವೂ ಕಾಣದೆ ತಾನಾಗಿ ಬರುವಂಥವು. ಉಳಿದವುಗಳಲ್ಲಿ ಹೆಚ್ಚಿನವು ವಂಶವಾಹಿಯಿಂದ ಬರುತ್ತವೆ. ಸೋಂಕಿನಿಂದ ಬರುವುದು ಬಹಳ ಕಡಿಮೆ. ಕಾಯಿಲೆ ಕಾಣಿಸಿಕೊಂಡ ಮೇಲೆ ಬಹುಪಾಲು ರೋಗಿಗಳು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ವ್ಯವಸ್ಥಿತ ಕಣ್ಗಾವಲು ಇರುವ ದೇಶಗಳಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಇದು ಬರುತ್ತದೆ.

ಈ ಕೊನೆಯ ಅಂಕಿಯನ್ನು ನಮ್ಮ ಜಿಲ್ಲೆಗೆ ಹಾಗೇ ಹಚ್ಚಿದರೆ ತಪ್ಪಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ 18,89,752. ಹಾಗಾಗಿ ವರ್ಷಕ್ಕೆ ಎರಡರಿಂದ ನಾಲ್ಕು ಪ್ರಕರಣ ಎಂದಾಗುತ್ತದೆ. ಆದರೆ ಸಿಜೆಡಿ ಹೆಚ್ಚಾಗಿ ಅರವತ್ತರ ಆಸುಪಾಸಿನ, ಅದಕ್ಕೂ ಮೇಲಿನ ವಯಸ್ಸಿನ ಕಾಯಿಲೆ. ಭಾರತದಲ್ಲಿ 60 ದಾಟಿದವರು ಅದೇ ಗಣತಿಯಲ್ಲಿ 8.6 ಪ್ರತಿಶತ, ಯುರೋಪಿನ ಹಲವು ದೇಶಗಳಲ್ಲಿ 20ಕ್ಕೂ ಹೆಚ್ಚು. ವಯೋಮಾನದ ಈ ಅಂತರಕ್ಕೆ ತಕ್ಕಂತೆ ಇಳಿಸಿದರೆ ಇಡೀ ಜಿಲ್ಲೆಗೆ ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು. ಅಂದರೆ ಕಡಿಮೆ ಎಣಿಕೆಯ ಒಂದು ಪಾಲು ನಿಜಕ್ಕೂ ಕಡಿಮೆ ಇರಬೇಕಾದದ್ದೇ. ಆಹಾರದ ವಾದಕ್ಕೆ ಉತ್ತರ ಕೊಡುವವರು ಇದನ್ನು ಮೊದಲೇ ಒಪ್ಪಿಕೊಳ್ಳಬೇಕು.

ಒಪ್ಪಿಕೊಂಡ ಮೇಲೂ ಉಳಿಯುವ ಕಂದಕ ದೊಡ್ಡದು. 1981ರಲ್ಲಿ ದೇಶದ ಜನಸಂಖ್ಯೆ ಸುಮಾರು 68 ಕೋಟಿ. ಹತ್ತು ಲಕ್ಷಕ್ಕೆ ಒಂದು ಎಂಬ ಕೆಳಗಿನ ದರವನ್ನೇ ಹಿಡಿದು, ವಯೋಮಾನಕ್ಕಾಗಿ ಅದನ್ನೂ ಮೂರನೆಯ ಒಂದು ಭಾಗಕ್ಕೆ ಇಳಿಸಿದರೂ ವರ್ಷಕ್ಕೆ 200ಕ್ಕಿಂತ ಹೆಚ್ಚು, ಇಪ್ಪತ್ತು ವರ್ಷಕ್ಕೆ ನಾಲ್ಕು ಸಾವಿರಕ್ಕಿಂತ ಹೆಚ್ಚು ಪ್ರಕರಣಗಳು ನಿರೀಕ್ಷಿತ. ನೋಂದಣಿಯಲ್ಲಿ ಸಿಕ್ಕವು ಸುಮಾರು 30. ನೂರು ಪಟ್ಟಿಗೂ ಮೀರಿದ ಈ ಅಂತರವನ್ನು ಊಟದ ತಟ್ಟೆಯಿಂದ ವಿವರಿಸಲು ಹೊರಟರೆ, ತಾನಾಗಿ ಬರುವ ಸಿಜೆಡಿಗೂ ಆಹಾರಕ್ಕೂ ಬಲವಾದ ನಂಟಿದೆ ಎಂದು ಮೊದಲು ತೋರಿಸಬೇಕಾಗುತ್ತದೆ. ಅಂಥ ನಂಟು ಸ್ಥಾಪಿತವಾಗಿಲ್ಲ. ಆಹಾರದ ಮೂಲಕ ಹರಡಿದ್ದು ಪಪುವಾ ನ್ಯೂಗಿನಿಯ ಕುರು ಎಂಬ ಪ್ರಿಯಾನ್ ಕಾಯಿಲೆ ಮತ್ತು 1996ರಲ್ಲಿ ಬ್ರಿಟನ್ನಿನಲ್ಲಿ ವರದಿಯಾದ, ಹುಚ್ಚು ಹಸುವಿನ ರೋಗಕ್ಕೆ ಅಂಟಿಕೊಂಡ ಸಿಜೆಡಿ ಪ್ರಭೇದ. ಅವುಗಳ ತರ್ಕವನ್ನು ತಾನಾಗಿ ಬರುವ 85 ಪ್ರತಿಶತಕ್ಕೆ ಹಚ್ಚಲು ಬರುವುದಿಲ್ಲ.

ಎಣಿಕೆಯ ಮೇಲೆ ಆಹಾರದ ನೆರಳು ಬೀಳುವುದು ಬೇರೊಂದು ದಾರಿಯಿಂದ. ಜೀವಮಾನವಿಡೀ ರೊಟ್ಟಿ, ಪಲ್ಯ, ಝುಣಕ ಉಂಡ ಹಿರಿಯರಲ್ಲಿ ಬಿ-12 ಕೊರತೆ ಅಪರೂಪವಲ್ಲ. ಅದರಿಂದಲೂ ಮರೆವು, ಕಾಲು ತೊಡರುವುದು, ಗೊಂದಲ ಕಾಣಿಸಿಕೊಳ್ಳುತ್ತವೆ, ಮತ್ತು ಅದು ಇಂಜೆಕ್ಷನ್ನಿಗೆ ಬಗ್ಗುವ ಕಾಯಿಲೆ. ಕ್ಷಯದ ಮೆದುಳುಪೊರೆ ಉರಿಯೂತ, ಹಿಂದೊಮ್ಮೆ ಈ ಜಿಲ್ಲೆಯಲ್ಲಿ ಹೆಚ್ಚಾಗಿದ್ದ ಎಚ್‌ಐವಿ, ಸ್ವಪ್ರತಿರಕ್ಷೆಯ ಮಿದುಳುರಿತ ಇವೆಲ್ಲ ಸಿಜೆಡಿಯ ವೇಷದಲ್ಲಿ ಬರಬಲ್ಲವು. ಪರೀಕ್ಷೆಯ ಮೌಲ್ಯವನ್ನು ಈ ಗುಂಪಿನ ನಡುವೆ ಇಟ್ಟೇ ಅಳೆಯಬೇಕು.

1990ರವರೆಗಿನ ನೋಂದಣಿಯ ಕಾಲಕ್ಕೆ ವೈದ್ಯರ ಕೈಯಲ್ಲಿ ಇದ್ದದ್ದೇನು? ಸೆಕೆಂಡಿಗೆ ಸುಮಾರು ಒಂದರಂತೆ ಏಳುವ ಚೂಪು ಅಲೆಗಳನ್ನು ತೋರಿಸುವ ಇಇಜಿ ಮತ್ತು ಮಿದುಳಿನ ಅಂಗಾಂಶ, ಇಷ್ಟೇ. ಇಇಜಿಯ ಅಲೆಗಳು ಎಲ್ಲ ರೋಗಿಗಳಲ್ಲೂ ಮೂಡುವುದಿಲ್ಲ, ಮೂಡಿದರೂ ತಡವಾಗಿ. ಖಚಿತ ನಿರ್ಣಯಕ್ಕೆ ಇಂದಿಗೂ ಅಂಗಾಂಶವೇ ಬೇಕು: ಬಯಾಪ್ಸಿ, ಇಲ್ಲವೇ ಮರಣೋತ್ತರ ಪರೀಕ್ಷೆ. ಹುನಗುಂದ, ಬಾದಾಮಿ ಕಡೆಯ ಲಿಂಗಾಯತ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಶವವನ್ನು ಕುಳ್ಳಿರಿಸಿ, ಅಲಂಕರಿಸಿ, ಆದಷ್ಟು ಬೇಗ ಸಮಾಧಿ ಮಾಡುತ್ತಾರೆ. ಆ ಹೊತ್ತಿನಲ್ಲಿ ತಲೆಬುರುಡೆ ತೆರೆಯಲು ಒಪ್ಪಿಗೆ ಕೇಳುವವರು ಯಾರು, ಕೊಡುವವರು ಯಾರು? ನಾನು ಇದನ್ನು ಅಡ್ಡಿ ಎಂದು ದೂರುತ್ತಿಲ್ಲ. ಮೃತರ ಬಗೆಗಿನ ಆ ಗೌರವಕ್ಕೆ ಹೊಂದಿಕೊಳ್ಳದ ಪರೀಕ್ಷೆಯೊಂದನ್ನು ಎಣಿಕೆಯ ಹೆಬ್ಬಾಗಿಲಾಗಿ ಇಟ್ಟುಕೊಂಡು, ಆ ಬಾಗಿಲಲ್ಲಿ ಯಾರೂ ಬರಲಿಲ್ಲವೆಂದು ಕಾಯಿಲೆಯೇ ಇಲ್ಲ ಎನ್ನಲಾಗದು ಎಂಬುದಷ್ಟೇ ನನ್ನ ವಾದ.

1996ರಲ್ಲಿ ಬೆನ್ನುಹುರಿ ದ್ರವದ 14-3-3 ಪ್ರೋಟೀನ್ ಪರೀಕ್ಷೆ ಬಂದಾಗ ಬಾಗಿಲು ಅಗಲವಾಯಿತು, ಆದರೆ ಬೇಡದವರೂ ಒಳಬಂದರು. ಆ ಪ್ರೋಟೀನ್ ನರಕೋಶಗಳು ಬೇಗಬೇಗ ಸಾಯುತ್ತಿವೆ ಎಂದು ಹೇಳುತ್ತದೆ. ಯಾಕೆ ಸಾಯುತ್ತಿವೆ ಎಂದು ಹೇಳುವುದಿಲ್ಲ. ಅಮೆರಿಕದ ನರವಿಜ್ಞಾನ ಅಕಾಡೆಮಿಯ 2012ರ ಪರಾಮರ್ಶೆ ಅದರ ಸಂವೇದನಶೀಲತೆಯನ್ನು 92, ನಿರ್ದಿಷ್ಟತೆಯನ್ನು 80 ಪ್ರತಿಶತ ಎಂದು ಅಂದಾಜಿಸಿತು. ತ್ವರಿತ ಮರೆವಿನ ನೂರು ರೋಗಿಗಳಲ್ಲಿ ಹತ್ತು ಮಂದಿಗೆ ನಿಜವಾಗಿ ಸಿಜೆಡಿ ಇದೆ ಎಂದುಕೊಳ್ಳೋಣ. ಪರೀಕ್ಷೆ ಒಂಬತ್ತು ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ; ಕಾಯಿಲೆ ಇಲ್ಲದ 90 ಮಂದಿಯಲ್ಲಿ 18 ಮಂದಿಯನ್ನೂ ಹಿಡಿಯುತ್ತದೆ. ಪಾಸಿಟಿವ್ ಬಂದವರಲ್ಲಿ ಮೂವರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ. ಉಳಿದಿಬ್ಬರಲ್ಲಿ ಒಬ್ಬರದು ಗುಣವಾಗಬಲ್ಲ ಕ್ಷಯವೇ ಆಗಿರಬಹುದು.

ಆರ್‌ಟಿ-ಕ್ವಿಕ್ ಪರೀಕ್ಷೆಯ ಬಗೆಯೇ ಬೇರೆ. ಅದು ಹುಡುಕುವುದು ಪ್ರಿಯಾನ್ ಮಾಡುವ ಕೆಲಸವನ್ನೇ. ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರಿಯಾನ್ ಪ್ರೋಟೀನನ್ನು ಪುಟ್ಟ ಕುಳಿಗಳ ತಟ್ಟೆಯಲ್ಲಿ ಹಾಕಿ, ರೋಗಿಯ ದ್ರವದ ಕೆಲವು ಮೈಕ್ರೋಲೀಟರ್ ಸೇರಿಸಿ, ಬಿಸಿಯಲ್ಲಿಟ್ಟು ಬಿಟ್ಟುಬಿಟ್ಟು ಕಲಕುತ್ತಾರೆ. ದ್ರವದಲ್ಲಿ ತಪ್ಪಾಗಿ ಮಡಚಿದ ಒಂದಿಷ್ಟು ಬೀಜವಿದ್ದರೂ ಸರಪಳಿ ಶುರುವಾಗುತ್ತದೆ. ಥಯೋಫ್ಲೇವಿನ್ ಬಣ್ಣ ಆ ಎಳೆಗಳಿಗೆ ಅಂಟಿ ಹೊಳೆಯುತ್ತದೆ, ಗಂಟೆಗಟ್ಟಲೆ ನೆಲಕ್ಕೆ ಅಂಟಿದ್ದ ಗೆರೆ ಒಮ್ಮೆಲೇ ಮೇಲೇಳುತ್ತದೆ. ನಿರ್ದಿಷ್ಟತೆ 99 ಪ್ರತಿಶತದ ಆಸುಪಾಸು. ಮೇಲಿನ ನೂರು ಮಂದಿಯಲ್ಲಿ ಈಗ ಹುಸಿಯಾಗಿ ಸಿಗುವುದು ಸುಮಾರು ಒಬ್ಬರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2018ರಲ್ಲಿ ತನ್ನ ಮಾನದಂಡದಲ್ಲಿ ಇದಕ್ಕೆ ಜಾಗ ಕೊಟ್ಟಿತು.

ನನ್ನ ಮುಖ್ಯ ವಾದ ಇಲ್ಲಿದೆ. ಮಿದುಳು ಬಾಗಲಕೋಟೆಯಿಂದ ಬೆಂಗಳೂರಿಗೆ ಹೋಗುವುದಿಲ್ಲ. ಶೀಶೆಯಲ್ಲಿನ ದ್ರವ ಹೋಗಬಲ್ಲದು. ಇಳಕಲ್ಲಿನ ನೇಕಾರರೊಬ್ಬರ ಕೈ ಕುಣಿಮಗ್ಗದ ಮೇಲೆ ಇದ್ದಕ್ಕಿದ್ದಂತೆ ಬೆಚ್ಚತೊಡಗಿದರೆ, ಮನೆಯವರು ಲಕ್ವಾ ಎಂದೋ ಅರಳುಮರಳು ಎಂದೋ ತಿಳಿದು ಬಾಗಲಕೋಟೆಯ ದವಾಖಾನೆಗೆ ಕರೆತರುವ ಹೊತ್ತಿಗೇ ಎಂಆರ್‌ಐ ಚಿತ್ರದಲ್ಲಿ ಮಿದುಳಿನ ಅಂಚು ಬೆಳ್ಳಗೆ ಕಂಡೀತು. ಅಲ್ಲಿಯೇ ಬೆನ್ನಿನ ನೀರು ತೆಗೆದು, ಒಂದು ಪಾಲನ್ನು ತಣ್ಣಗಿಟ್ಟು ಕಳಿಸುವ ಪದ್ಧತಿ ಜಿಲ್ಲೆಗಳಲ್ಲಿ ಬಂದರೆ ವಿರಳತೆಯ ವಾದವನ್ನು ಮೊದಲ ಬಾರಿಗೆ ಪರೀಕ್ಷೆಗೊಡ್ಡಬಹುದು. ಹೀಗೆನ್ನುವಾಗ ಹಲವು ಎಚ್ಚರ ಬೇಕು. ಸೂಜಿ ಚುಚ್ಚುವಾಗ ದ್ರವಕ್ಕೆ ರಕ್ತ ಬೆರೆತರೆ ಆರ್‌ಟಿ-ಕ್ವಿಕ್ ಪ್ರತಿಕ್ರಿಯೆ ತಡೆಹಿಡಿಯಲ್ಪಟ್ಟು ಹುಸಿ ನೆಗೆಟಿವ್ ಬರಬಹುದು. ಹಾಗಾಗಿ ಮೊದಲ ಹನಿಗಳನ್ನಲ್ಲ, ತಿಳಿಯಾದ ನಂತರದ ಹನಿಗಳನ್ನು ಎತ್ತಿಡಬೇಕು. ಕ್ಷಯದಂತೆ ಪ್ರೋಟೀನ್ ಹೆಚ್ಚಿರುವ ದ್ರವವೂ ತೊಡಕಿನದೇ. ವಂಶವಾಹಿ ರೂಪಗಳಲ್ಲಿ ಕೆಲವನ್ನು, ಮಾರಕ ನಿದ್ರಾಹೀನತೆಯಂಥವನ್ನು, ಈ ಪರೀಕ್ಷೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ; ಅಲ್ಲಿ 20ನೆಯ ವರ್ಣತಂತುವಿನ ಪಿಆರ್‌ಎನ್‌ಪಿ ಜೀನ್ ಓದಬೇಕು. ಹಾಗಾಗಿ ನೆಗೆಟಿವ್ ಫಲಿತಾಂಶಗಳನ್ನು ಕೂಡಿಸಿ ವಿರಳತೆಯನ್ನು ಸಾಧಿಸುವುದೂ ಹಳೆಯ ತಪ್ಪಿನ ಹೊಸ ರೂಪವಾದೀತು.

ಒಂದು ಸಾಧ್ಯತೆಯನ್ನು ನಾನು ತಳ್ಳಿಹಾಕಲಾರೆ. ಆ ಜೀನಿನ 129ನೆಯ ಸ್ಥಾನದಲ್ಲಿ ತಂದೆತಾಯಿ ಇಬ್ಬರಿಂದಲೂ ಒಂದೇ ಅಮೈನೋ ಆಮ್ಲದ ಸಂಕೇತ ಪಡೆದವರು ತಾನಾಗಿ ಬರುವ ಸಿಜೆಡಿಗೆ ಹೆಚ್ಚು ತುತ್ತಾಗುತ್ತಾರೆ. ಉತ್ತರ ಕರ್ನಾಟಕದ ಸಮುದಾಯಗಳಲ್ಲಿ ಈ ಹಂಚಿಕೆ ಬೇರೆಯಾಗಿದ್ದರೆ ಕಾಯಿಲೆಯ ನಿಜದರವೂ ಸ್ವಲ್ಪ ಬೇರೆಯಾಗಿರಬಹುದು. ನೂರು ಪಟ್ಟಿನ ಕಂದಕವನ್ನು ಅದು ತುಂಬಲಾರದು. ವಯೋಮಾನದ ಲೆಕ್ಕ ಕಳೆದ ಮೇಲೆ ಉಳಿಯುವ ವ್ಯತ್ಯಾಸದಲ್ಲಿ ಅದರ ಪಾಲೆಷ್ಟು, ತಪ್ಪಿಹೋದ ರೋಗನಿರ್ಣಯದ ಪಾಲೆಷ್ಟು ಎಂಬುದು ಜಿಲ್ಲಾ ಮಟ್ಟದಲ್ಲಿ ಸತತವಾಗಿ ಕೆಲವು ವರ್ಷ ದ್ರವ ಮತ್ತು ಜೀನ್ ಎರಡನ್ನೂ ಜೊತೆಯಲ್ಲಿ ಪರೀಕ್ಷಿಸಿದಾಗ ಇತ್ಯರ್ಥವಾಗಬೇಕಾದ ವಿಷಯ.