ನಾಗರಹೊಳೆಯ ಹಾಡಿಗಳೂ ಮಾನವಹಕ್ಕುಗಳ ವ್ಯಾಸಂಗವೂ

ಅಂತರರಾಷ್ಟ್ರೀಯ ಮಾನವಹಕ್ಕುಗಳ ಶಾಸ್ತ್ರವನ್ನು ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗಮಾಡುವವರು ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡಂಚಿನ ಚರಿತ್ರೆಯನ್ನೂ ಅವಲೋಕಿಸುವುದು ಉಚಿತ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 107ನೆಯ ಒಡಂಬಡಿಕೆಯು 1957ರದು. ಭಾರತವು ಅದನ್ನು 1958ರಲ್ಲಿ ಅಂಗೀಕರಿಸಿತು. ಬುಡಕಟ್ಟಿನವರನ್ನು ಅವರ ಸಮ್ಮತಿಯಿಲ್ಲದೆ ನೆಲೆಯಿಂದ ಎಬ್ಬಿಸಲಾಗದು, ಅಪವಾದವಾಗಿ ಎಬ್ಬಿಸಿದರೂ ಸಮಾನಗುಣವುಳ್ಳ ಭೂಮಿಯನ್ನು ಕೊಡತಕ್ಕುದು ಎಂಬುದು ಅದರ 12ನೆಯ ವಿಧಿಯ ತಾತ್ಪರ್ಯ. ಹೀಗಿದ್ದರೂ 1955ರಲ್ಲಿ ಅಭಯಾರಣ್ಯವಾದ ನಾಗರಹೊಳೆಯು ಮುಂದೆ ರಾಷ್ಟ್ರೀಯೋದ್ಯಾನವಾದಾಗ ಜೇನುಕುರುಬರೇ ಮೊದಲಾದವರ ಹಾಡಿಗಳು ತೆರವಾದುವು. ಒಡಂಬಡಿಕೆಯು ಸಂಸತ್ತಿನ ಶಾಸನವಾಗಿ ಪರಿಣಮಿಸದೆ ನ್ಯಾಯಸ್ಥಾನದಲ್ಲಿ ತಾನಾಗಿ ಜಾರಿಗೆ ಬಾರದಷ್ಟೆ. ಅರಣ್ಯಹಕ್ಕುಗಳ ಶಾಸನವು ಹುಟ್ಟಿದುದು 2006ರಲ್ಲಿ. ಉಚ್ಚನ್ಯಾಯಾಲಯವು ನೇಮಿಸಿದ ಸಮಿತಿಯ ಅಧ್ಯಕ್ಷರಾಗಿ, ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿಯವರು 2014ರಲ್ಲಿ ಒಪ್ಪಿಸಿದ ವರದಿಯು 3,418 ನಿರಾಶ್ರಿತ ಕುಟುಂಬಗಳನ್ನು ಗುರುತಿಸಿತು. ಅಂಗೀಕಾರಕ್ಕೂ ಶಾಸನಕ್ಕೂ ನಡುವಣ ಆ 48 ವರ್ಷಗಳೇ ವಿದ್ಯಾರ್ಥಿಗಳಿಗೆ ಮೊದಲು ವಿಚಾರಣೀಯವಾದ ವಿಷಯ.