ಅರ್ಬುದದ ಗಡ್ಡೆಯೂ ಆಮ್ಲಜನಕದ ಅಭಾವವೂ: ಒಂದು ವಿಚಾರದ ಚರಿತ್ರೆ

ಅರ್ಬುದ ರೋಗಕ್ಕೆ ಆಮ್ಲಜನಕದ ಕೊರತೆಯೇ ಮೂಲವೆಂದೂ, ದೇಹಕ್ಕೆ ಆಮ್ಲಜನಕವನ್ನು ಹೆಚ್ಚಾಗಿ ಒದಗಿಸಿದರೆ ರೋಗವು ತಾನಾಗಿ ಅಡಗುವುದೆಂದೂ ಹೇಳುವವರು ಗುಬ್ಬಿ, ಕುಣಿಗಲ್ಲುಗಳ ಕಡೆಯಲ್ಲಿಯೂ ಇದ್ದಾರೆ. ಸಿ.ಎಸ್. ಪುರದಂಥ ಊರಿನ ರೋಗಿಯು ಈ ಮಾತನ್ನು ನಂಬಿ ಕೆಲವು ತಿಂಗಳು ಕಳೆದನೆಂದರೆ, ಆತನು ಬೆಂಗಳೂರಿನ ಆಸ್ಪತ್ರೆಯನ್ನು ಮುಟ್ಟುವ ವೇಳೆಗೆ ರೋಗವು ಒಂದು ಅಂಗವನ್ನು ದಾಟಿ ಮತ್ತೊಂದಕ್ಕೆ ಹೋಗಿರಬಹುದು. ಆದುದರಿಂದ ಈ ವಿಚಾರವು ಎಲ್ಲಿ ಹುಟ್ಟಿತು, ಹೇಗೆ ಮಾರ್ಪಟ್ಟಿತು ಎಂಬುದನ್ನು ಪರಾಮರ್ಶಿಸುವುದು ಇತಿಹಾಸದ ಅಭ್ಯಾಸಿಗೆ ಹೊರತಾದ ಕೆಲಸವಲ್ಲ.

ಮೇಲೆ ಹೇಳಿದವರು ಸಾಮಾನ್ಯವಾಗಿ ಜರ್ಮನಿಯ ಆಟೋ ವಾರ್ಬರ್ಗನ ಹೆಸರನ್ನು ಹಿಡಿಯುತ್ತಾರೆ. ಆತನಿಗೆ ನೊಬೆಲ್ ಬಹುಮಾನ ದೊರೆತುದು ಈ ಶೋಧಕ್ಕಾಗಿಯೇ ಎನ್ನುತ್ತಾರೆ. ಇದು ಸರಿಯಲ್ಲ. 1931ರ ಬಹುಮಾನವು ಜೀವಕೋಶದ ಉಸಿರಾಟಕ್ಕೆ ಸಂಬಂಧಿಸಿದ ಕಿಣ್ವದ ಸ್ವರೂಪವನ್ನು ಕಂಡುಹಿಡಿದುದಕ್ಕೆ ಸಂದಿತು. ಅರ್ಬುದದ ಕೋಶಗಳು ಆಮ್ಲಜನಕವಿದ್ದಾಗಲೂ ಸಕ್ಕರೆಯನ್ನು ಹುದುಗಿಸಿ ಬದುಕುತ್ತವೆಂಬುದೇ 1920ರ ದಶಕದಲ್ಲಿ ಆತನು ಕಂಡ ಸಂಗತಿ. ಕೋಶದ ಉಸಿರಾಟ ಕೆಟ್ಟುದೇ ರೋಗಕ್ಕೆ ಕಾರಣವೆಂದು ಆತನು ಕೊನೆಯವರೆಗೂ ವಾದಿಸಿದನು. ಆದರೆ ಅದು ಹೊರಗಿನ ಆಮ್ಲಜನಕದ ಅಭಾವದ ಮಾತಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಿದುದರಿಂದ ಜನಪ್ರಿಯ ಬರಹಗಳಲ್ಲಿ ಗೊಂದಲವು ಬೆಳೆಯಿತು.

ಅಭಾವದ ನಿಜವಾದ ಚರಿತ್ರೆಯು ಆರಂಭವಾದುದು ಕಿರಣಚಿಕಿತ್ಸೆಯ ಕೋಣೆಯಲ್ಲಿ. ರಕ್ತಸಂಚಾರವನ್ನು ಅದುಮಿ ತಡೆದ ಚರ್ಮಕ್ಕೆ ಕ್ಷಕಿರಣಗಳು ಕಡಮೆ ತಾಗುತ್ತವೆಂಬುದನ್ನು 20ನೆಯ ಶತಮಾನದ ಮೊದಲ ದಶಕದಲ್ಲಿಯೇ ಗಮನಿಸಲಾಗಿತ್ತು. 1953ರಲ್ಲಿ ಇಂಗ್ಲೆಂಡಿನ ಗ್ರೇ ಮತ್ತು ಸಂಗಡಿಗರು ಆಮ್ಲಜನಕವಿಲ್ಲದ ಕೋಶವನ್ನು ಕೊಲ್ಲಲು ಸುಮಾರು ಮೂರುಪಟ್ಟು ಕಿರಣಪ್ರಮಾಣ ಬೇಕಾಗುವುದರ ಮಹತ್ವವನ್ನು ಚಿಕಿತ್ಸಕರ ಮುಂದಿಟ್ಟರು. 1955ರಲ್ಲಿ ಟಾಮ್ಲಿನ್‌ಸನ್ ಮತ್ತು ಗ್ರೇ ಶ್ವಾಸಕೋಶದ ಗಡ್ಡೆಗಳ ತೆಳುವಾದ ಛೇದಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಅಳೆದರು. ಇದರ ಸೊಗಸು ಅದರ ಸರಳತೆಯಲ್ಲಿದೆ: ಹೊಸ ಯಂತ್ರವಿಲ್ಲ, ಅಳತೆಪಟ್ಟಿ ಮಾತ್ರ. ಕೋಶಗಳ ದಂಡೆಯ ತ್ರಿಜ್ಯವು 160 ಮೈಕ್ರಾನಿಗಿಂತ ಕಡಮೆಯಿದ್ದಲ್ಲಿ ಸತ್ತ ಭಾಗ ಕಾಣಲಿಲ್ಲ. 200ನ್ನು ಮೀರಿದಲ್ಲೆಲ್ಲ ನಡುಭಾಗವು ಸತ್ತಿತ್ತು. ರಕ್ತನಾಳದಿಂದ ಹೊರಟ ಆಮ್ಲಜನಕವು ಅಷ್ಟೇ ದೂರ ಹೋಗಬಲ್ಲುದು. ಕಾಲುವೆಯ ಕೊನೆಯ ಗದ್ದೆಗೆ ನೀರು ಹತ್ತದ ಹಾಗೆ, ಜೀವಂತ ಅಂಚಿಗೂ ಸತ್ತ ನಡುವಿಗೂ ಮಧ್ಯೆ ಉಸಿರುಗಟ್ಟಿಯೂ ಬದುಕಿರುವ ಕೋಶಗಳ ಒಂದು ಪಟ್ಟಿ ಉಳಿಯುತ್ತದೆ.

ಸುಮಾರು ನಾಲ್ಕು ದಶಕಗಳ ಕಾಲ ಈ ಪಟ್ಟಿಯನ್ನು ಕಿರಣಕ್ಕೆ ಬಗ್ಗದ ಅಡಚಣೆಯೆಂದೇ ಬಹುತೇಕ ವೈದ್ಯರು ಎಣಿಸಿದರು. ಗಡ್ಡೆ ಬೆಳೆಯಬೇಕಾದರೆ ಹೊಸ ರಕ್ತನಾಳಗಳು ಬೇಕೆಂದು ಫೋಕ್‌ಮನ್ 1971ರಲ್ಲಿ ಸೂಚಿಸಿದನಾದರೂ ದೃಷ್ಟಿಯು ಬೇಗನೆ ಬದಲಾಗಲಿಲ್ಲ. ತಿರುವು ಬಂದುದು 1996ರಲ್ಲಿ. ಜರ್ಮನಿಯ ಹೊಕೆಲ್ ಮತ್ತು ಸಂಗಡಿಗರು ಗರ್ಭಕೋಶದ ಕೊರಳಿನ ಗಡ್ಡೆಗಳೊಳಗೆ ಸೂಜಿಯಂಥ ವಿದ್ಯುದ್ದಂಡವನ್ನಿಳಿಸಿ ಆಮ್ಲಜನಕವನ್ನು ಅಳೆದರು. ಅಭಾವವಿದ್ದ ಗಡ್ಡೆಗಳು ಅಕ್ಕಪಕ್ಕಕ್ಕೂ ದುಗ್ಧನಾಳಗಳಿಗೂ ಹೆಚ್ಚಾಗಿ ಹಬ್ಬಿದ್ದವು. ಕಿರಣವಿಲ್ಲದೆ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿಯೂ ಫಲ ಹೀನವಾಗಿತ್ತು. ನನ್ನ ಅಭಿಪ್ರಾಯದಲ್ಲಿ ಇಡೀ ಚರಿತ್ರೆಯ ಗಂಟು ಇಲ್ಲಿದೆ. ಕತ್ತಿಗೆ ಆಮ್ಲಜನಕದ ಹಂಗಿಲ್ಲ. ಆದುದರಿಂದ ಅಭಾವವು ಚಿಕಿತ್ಸೆಯ ಅಡಚಣೆ ಮಾತ್ರವಾಗಿರದೆ ರೋಗದ ಉಗ್ರತೆಯೊಡನೆಯೇ ಹೆಣೆದುಕೊಂಡಿತ್ತೆಂದಾಯಿತು. ಅದೇ ವರ್ಷ ಅಮೆರಿಕದ ಬ್ರಿಜೆಲ್ ಮೃದು ಅಂಗಾಂಶದ ಗಡ್ಡೆಗಳಲ್ಲಿಯೂ ದೂರಕ್ಕೆ ಹರಡುವಿಕೆಯ ಇಂಥ ಸಂಬಂಧವನ್ನೇ ತೋರಿಸಿದನು.

ಇದರ ಯಂತ್ರಣವು ತಿಳಿದುಬಂದುದು ಬೇರೊಂದು ದಾರಿಯಿಂದ. ರಕ್ತಕಣಗಳ ಉತ್ಪತ್ತಿಯನ್ನು ಪ್ರೇರಿಸುವ ಎರಿತ್ರೊಪೊಯೆಟಿನ್ ಎಂಬ ದ್ರವ್ಯವನ್ನು ಅಭ್ಯಸಿಸುತ್ತಿದ್ದ ಸೆಮೆಂಜಾ ಮತ್ತು ವಾಂಗ್, ಆಮ್ಲಜನಕ ಕುಂದಿದಾಗ ಎಚ್ಚೆತ್ತು ವಂಶವಾಹಿಗಳನ್ನು ನಡೆಸುವ ಎಚ್‌ಐಎಫ್ ಎಂಬ ಪ್ರೋಟೀನನ್ನು 1992ರಲ್ಲಿ ಕಂಡರು. ಸಾಕಷ್ಟು ಆಮ್ಲಜನಕವಿದ್ದರೆ ಅದು ಕ್ಷಣಕ್ಷಣವೂ ನಾಶವಾಗುತ್ತದೆ. ಇಲ್ಲವಾದರೆ ಉಳಿದು ಹೊಸ ರಕ್ತನಾಳಗಳನ್ನು ಕರೆಯುತ್ತದೆ, ಕೋಶಗಳ ಪರಸ್ಪರ ಹಿಡಿತವನ್ನು ಸಡಿಲಿಸುತ್ತದೆ, ಸುತ್ತಲಿನ ನಾರನ್ನು ಮಾರ್ಪಡಿಸಿ ದಾರಿ ಮಾಡಿಕೊಡುತ್ತದೆ. ಬರಗಾಲದಲ್ಲಿ ಊರು ಬಿಟ್ಟು ಗುಳೆ ಹೊರಡುವಂತೆ ಕೋಶವು ಹೊರಡುತ್ತದೆ. ಕೆಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಈ ಮೂವರಿಗೆ 2019ರ ನೊಬೆಲ್ ಸಂದಿತು.

ನಮ್ಮ ನಾಡಿಗೆ ಈ ವಿಷಯವು ದೂರದ್ದಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯು ಸ್ಥಾಪಿತವಾದುದು 1973ರಲ್ಲಿ. ಅಲ್ಲಿ 1982ರಿಂದ ಅರ್ಬುದ ದಾಖಲೆಯ ಕಾರ್ಯ ನಡೆದುಬಂದಿದೆ. ಆರಂಭದ ವರ್ಷಗಳಲ್ಲಿ ಬೆಂಗಳೂರಿನ ಹೆಂಗಸರಲ್ಲಿ ಮೊದಲ ಸ್ಥಾನದಲ್ಲಿದ್ದುದು ಹೊಕೆಲನು ಅಳೆದ ಅದೇ ಗರ್ಭಕೋಶದ ಕೊರಳಿನ ಅರ್ಬುದ. ನಮ್ಮ ಗ್ರಾಮೀಣ ಸ್ತ್ರೀಯರಲ್ಲಿ ರಕ್ತಹೀನತೆಯು ಹೆಚ್ಚು. ರಕ್ತಹೀನಳಾದ ರೋಗಿಯಲ್ಲಿ ಕಿರಣಚಿಕಿತ್ಸೆಯ ಫಲವು ಕುಂದುವುದನ್ನು ಹಲವು ದೇಶಗಳ ವೈದ್ಯರು ಕಂಡಿದ್ದಾರೆ. ಇನ್ನು ಬಾಯಿಯ ಅರ್ಬುದಕ್ಕೂ ಅಡಕೆಗೂ ಇರುವ ಸಂಬಂಧವನ್ನು ಅಂತರರಾಷ್ಟ್ರೀಯ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಥಿರಪಡಿಸಿದೆಯೆಂಬುದನ್ನು, ಅಡಕೆಯಿಂದಲೇ ಬಾಳುವ ಗುಬ್ಬಿ ಸೀಮೆಯವನಾಗಿ ಸಂತೋಷದಿಂದ ಬರೆಯಲಾರೆ.

ಹಾಗಾದರೆ ರಕ್ತವನ್ನು ಹೆಚ್ಚಿಸಿದರೆ ಸಾಕೇ? ತಲೆ ಮತ್ತು ಕತ್ತಿನ ಅರ್ಬುದಕ್ಕೆ ಕಿರಣಚಿಕಿತ್ಸೆ ಪಡೆಯುತ್ತಿದ್ದವರಿಗೆ ಅದೇ ಎರಿತ್ರೊಪೊಯೆಟಿನ್ ಕೊಟ್ಟು ನೋಡಿದ ಪ್ರಯೋಗದ ಫಲವು 2003ರಲ್ಲಿ ಪ್ರಕಟವಾಯಿತು. ರಕ್ತದ ಪ್ರಮಾಣವೇನೋ ಏರಿತು. ರೋಗಿಗಳ ಸ್ಥಿತಿಯು ಔಷಧ ಪಡೆಯದವರಿಗಿಂತ ಕೆಟ್ಟಿತು.