ಪುಟ್ಟಿಯ ಕೆಳಗಿನ ಗೆರೆ

ಗೋಕಾಕದಾಗ ರಿಪೇರಿ ಮಾಡಿಸಿದ ಮನೆಯೊಂದು ಮಾರಾಟಕ್ಕಿತ್ತು. ಹೊಸ ಟೈಲ್ಸ್, ಹೊಸ ಪುಟ್ಟಿ. ಘಟಪ್ರಭಾ ಸ್ಟೇಷನ್ನಿಗೆ ಬಸ್ಸು ಬಾಗಿಲಲ್ಲೇ ಅಂದ್ರು. ಕೆಲಸಕ್ಕೆ ಹತ್ತಿರದ ಮನೆ ಅನ್ನೋ ಆಸೆ ಇಲ್ಲಿ ಹಳೇದು. 1885ರಲ್ಲಿ ಕಂಪನಿ ಹುಟ್ಟಿ, ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಿದಾಗಿಂದ ಜನ ಪಾಳಿಗೆ ಹೋದವರೇ.

ಅನ್ನ ಕೊಟ್ಟ ಅದೇ ಘಟಪ್ರಭೆ 2019ರ ಆಗಸ್ಟಿನಲ್ಲಿ ಮನೆಯೊಳಗೂ ಬಂದಳು. ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರು, ಜೊತೆಗೆ ಮಾರ್ಕಂಡೇಯ. ಗೋಕಾಕ ಮುಳುಗಿತು, ಕೆಳಗೆ ಮೂಡಲಗಿ ಕಡೆಯ ಹಳ್ಳಿಗಳೂ. ಮಣ್ಣಿನ ಗ್ವಾಡಿ ಕುಸಿದವು. ಇಟ್ಟಂಗಿಯವು ಗೆರೆ ಉಳಿಸಿಕೊಂಡವು.

ನಮ್ಮ ಕಾಕಾ ಟೈಲ್ಸ್ ನೋಡಲೇ ಇಲ್ಲ. "ನೀರು ಎಲ್ಲಿತನಕ ಬಂದಿತ್ರಿ?"

ಮಾಲೀಕರು ಕಿಟಕಿ ಕಡೆ ನೋಡಿದ್ರು. ಬಣ್ಣ ಕಾಣದ ಪಕ್ಕದ ಮನಿ ಗ್ವಾಡಿ ಮೇಲೆ ಗೆರೆ ಎದೆಮಟ್ಟ ಇತ್ತು.

"ಎರಡು ಲಕ್ಷ ಕಮ್ಮಿ ಮಾಡೋಣ್ರಿ" ಅಂದ್ರು.